ರಸ್ತೆಯನ್ನು ಹೊಳೆಯಂತೆ ದಾಟಿದವರು

ಅಗಲವಾದ ಬಲ ಅಂಗೈಯನ್ನು ದೋಣಿಯ ಹುಟ್ಟಿನಂತೆ ಬೀಸುತ್ತಾ ನಡೆಯುತ್ತಿದ್ದ ನಮ್ಮ ಮಹಡಿ ಮನೆಯ ಅಂಕಲ್, ಬಿಟಿಎಂನ ರಿಂಗ್ ರೋಡನ್ನು ಎಂದೂ ನೇರವಾಗಿ ದಾಟಿದವರಲ್ಲ. ಬಸ್ಸು ಲಾರಿಗಳಿಗೆ ಎದುರಾಗಿ ಒಂದಷ್ಟು ದೂರ ನಡೆದು, ಅಲ್ಲಿಂದ ಓರೆಯಾಗಿ ಇಳಿದು, ಆಚೆಯ ಬೇಕರಿಯ ಮುಂದೆ ಸರಿಯಾಗಿ ಹತ್ತುತ್ತಿದ್ದರು. ಇದ್ಯಾವ ಲಾಜಿಕ್ಕು ಎಂದು ನಾನು ಕೆಣಕಿದರೆ, ನಮ್ಮೂರಾಗ ಹಿಂಗ ದಾಟೋದು ಎನ್ನುತ್ತಿದ್ದರು.

ಅವರೂರು ರಾಯಚೂರು ಸೀಮೆಯಲ್ಲಿ, ಕೃಷ್ಣೆಯ ನಟ್ಟನಡುವಿನ ಒಂದು ನಡುಗಡ್ಡೆ. ಹರಿಗೋಲನ್ನು ಹೊತ್ತು ದಡದಗುಂಟ ಮೇಲಕ್ಕೆ ನಡೆದು ನೀರಿಗಿಳಿಸಿದರೆ, ಸೆಳೆತವೇ ಊರಿಗೆ ಮುಟ್ಟಿಸುತ್ತದಂತೆ.

ನಾನು ನಂಬಲಿಲ್ಲ. ಜಯನಗರದ ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಅಟ್ಲಾಸ್ ಹರಡಿ, ಇಲ್ಲಿ ಒಂದು ಚುಕ್ಕೆಯೂ ಇಲ್ಲವಲ್ಲ ಎಂದೆ. ಅವರು ತಟ್ಟೆಯಲ್ಲಿ ಜೋಳದ ರೊಟ್ಟಿಯ ತುಂಡಿಟ್ಟು ಸುತ್ತ ಸಾರು ಸುರಿದರು. ನೆನೆದ ಅಂಚು ಮೆಕ್ಕಲುಮಣ್ಣಿನ ಹೊಲ. ಉಬ್ಬಿ ಒಣಗಿಯೇ ಉಳಿದ ನಡುಭಾಗ ಬಂಡೆ. ಮನೆಗಳೆಲ್ಲ ಅದರ ಮೇಲೆ. ಯಾವುದೋ ರಾಜನ ದಂಡಿಗೆ ಹೆದರಿ ಓಡಿಬಂದವರು ಕಟ್ಟಿದ ಊರಂತೆ. ಅದಕ್ಕೇನು ಪುರಾವೆ ಎಂದೆ, ಬಿಡದೆ.

"ನಾ ಅದೀನಲ್ಲ ಯವ್ವಾ, ಇನ್ನೇನ್ ಪುರಾವಿ ಬೇಕು?"

ಆ ವರ್ಷ ಫೈನಲ್ಲಿನ ವಿಷಯ: ನಡುಗಡ್ಡೆಯ ಜನರನ್ನು ದಡಕ್ಕೆ ಸ್ಥಳಾಂತರಿಸಬೇಕು. ಚೀಟಿಯಲ್ಲಿ ನನಗೆ ಬಂದದ್ದು ಪರ. ಸಾಕ್ಷಿ ನಮ್ಮ ಮಹಡಿಯಲ್ಲೇ ಇದ್ದಾರೆ! ಕುಣಿಯುತ್ತಾ ಮೆಟ್ಟಿಲೇರಿದವಳು ಅರ್ಧದಲ್ಲಿ ನಿಂತೆ. ಅವರ ಊರನ್ನೇ ಎಬ್ಬಿಸಿ ಎಂದು ವಾದಿಸಲು ಅವರನ್ನೇ ಕೇಳಬೇಕಿತ್ತು.

ಕೇಳಿದೆ.  ಅವರು, ಹೊಳೆ ತುಂಬಿದ್ದಾಗ ಹಾವು ಕಚ್ಚಿದ ತಂಗಿಯನ್ನು ದಾಟಿಸಲಾಗದೆ ಕಳೆದುಕೊಂಡದ್ದನ್ನು ಹೇಳಿದರು.

"ಇದನ್ನ ಹೇಳು, ಗೆಲ್ತಿ. ಆದ್ರ ನೇರ ದಾಟಬ್ಯಾಡ. ನಾವು ಯಾಕ ಬಿಟ್ಟು ಬರಂಗಿಲ್ಲ, ಅದನ್ನ ಮೊದಲ ಹೇಳು."

ವೇದಿಕೆಯಲ್ಲಿ ಎದುರಾಳಿಯ ವಾದವನ್ನೇ ಮೊದಲು ಹೂಡಿದೆ: ನೆರೆ ಬಿಟ್ಟುಹೋಗುವ ಮೆಕ್ಕಲು, ಗೊಬ್ಬರ ಕೇಳದ ಬೆಳೆ, ಹಿರಿಯರ ಸಮಾಧಿಗಳು. ನಮ್ಮ ಟೀಚರ್ ತಲೆ ಹಿಡಿದುಕೊಂಡರು. ಅಲ್ಲಿಂದ ಆ ತಂಗಿಯ ಕಥೆಗೆ ಇಳಿದೆ. ಇಡೀ ಸಭೆ ನನ್ನ ಜೊತೆ ಬಂದುಬಿಟ್ಟಿತು, ಕಪ್ಪೂ ಬಂತು. ಹಿಂದಿನ ಸಾಲಿನಿಂದ ಎದ್ದು ಬಂದ ಅಂಕಲ್ ಹೊರಗೆ ಸಿಕ್ಕಿ ಹೇಳಿದರು:

"ಚಲೋ ದಾಟಿದಿ. ಆದ್ರ ನಾ ಒಪ್ಪಂಗಿಲ್ಲ. ಸತ್ತ ಮ್ಯಾಲೂ ನನ್ನ ಅಲ್ಲೇ ಒಯ್ಯಬೇಕು."

ಕೆಲವು ವರ್ಷಗಳ ನಂತರ ಒಯ್ದೆವು. ದಡದಿಂದ ಊರು ಕಾಣುತ್ತಿತ್ತು, ತಟ್ಟೆಯಲ್ಲಿ ಅವರು ತೋರಿಸಿದ ಹಾಗೆಯೇ. ಅಳುತ್ತಿದ್ದರೂ ನನ್ನ ಎದೆ ಹಿಗ್ಗಿತು. ಹರಿಗೋಲು ಹೊತ್ತ ಅಂಬಿಗರು ಮುಂದೆ, ಅಂಕಲ್ಲನ್ನು ಹೊತ್ತವರು ಹಿಂದೆ. ಎದುರಿಗೇ ಇದ್ದ ಊರಿಗೆ ಬೆನ್ನು ಮಾಡಿ, ನಾವೆಲ್ಲ ಮೊದಲು ಹೊಳೆಗೆ ಎದುರಾಗಿ ಮೇಲಕ್ಕೆ ನಡೆದೆವು. ಯಾಕೆ ಎಂದು ನಾನು ಯಾರನ್ನೂ ಕೇಳಲಿಲ್ಲ.