ಎಡಗೈ ಕತ್ತರಿ

ನನ್ನ ಬಟ್ಟೆ ಅಂಗಡಿಯ ಎದುರಿಗೇ ದರ್ಜಿಯ ಅಂಗಡಿ. ದರ್ಜಿಯ ಮಗಳು ಕತ್ತರಿ ಹಿಡಿದ ದಿನವೆಲ್ಲ ನನಗೆ ವ್ಯಾಪಾರ ಚೆನ್ನಾಗಿತ್ತು ಎಂದರೆ ಅವಳ ಕಸಬಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತೋಳು ಓರೆಯಾದರೆ ಇನ್ನೊಂದು ತುಂಡು, ಕಾಲರ್ ಗಿಡ್ಡವಾದರೆ ಮತ್ತೊಂದು. ದರ್ಜಿ ಮುಖ ಗಂಟಿಕ್ಕಿಕೊಂಡು ರಸ್ತೆ ದಾಟಿ ಬರುವುದು, ನಾನು ಮುಖ ಸಪ್ಪಗೆ ಮಾಡಿಕೊಂಡು ಅಳೆದುಕೊಡುವುದು.

ಹುಡುಗಿ ಎಡಚಿ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಕಣ್ಣಿಗೊತ್ತಿಕೊಳ್ಳಬೇಕು, ಅಷ್ಟು ಚೆಂದ. ಅದೇ ಗೆರೆಯ ಮೇಲೆ ಕತ್ತರಿ ಮಾತ್ರ ದಾರಿ ತಪ್ಪುತ್ತಿತ್ತು. ಬಲಗೈಗೆ ಕೊಟ್ಟರೆ ಇನ್ನೂ ಅನಾಹುತ. ಕಣ್ಣಿನ ದೋಷವೆಂದು ತೀರ್ಮಾನಿಸಿದ ಅಪ್ಪ ಅವಳಿಗೆ ಕನ್ನಡಕ ಹಾಕಿಸಿದ. ಸಾಲದೆಂದು ಗಾಜು ಬದಲಿಸಿದ. ಕಡೆಗೆ ಕಾಜಾ ಹಾಕಲು, ಗುಂಡಿ ಹೊಲಿಯಲು ಕೂರಿಸಿದ. ಅವಳು ಗೊಣಗಲಿಲ್ಲ. ಅವಳ ಕಾಜಾ ನೋಡಿದರೆ ಗುಂಡಿ ತೂರಿಸಲು ಮನಸ್ಸು ಬಾರದು. ಆದರೆ ಆ ಮನೆಯಲ್ಲಿ ಕತ್ತರಿ ಹಿಡಿದವರಿಗಷ್ಟೇ ದರ್ಜಿ ಎಂಬ ಹೆಸರು. ಅವಳಿಗೆ ಬೇಕಿದ್ದದ್ದೂ ಅದೊಂದೇ.

ಅವಳು ಓದುತ್ತಿದ್ದ ಹೊಲಿಗೆ ಕಾಲೇಜಿನವರು ಅವಳನ್ನು ಒಂದು ಸೆಮಿಸ್ಟರಿಗೆ ಹೊರದೇಶಕ್ಕೆ ಕಳಿಸಿದರು. ಹಿಂತಿರುಗಿದ ದಿನ ಪೆಟ್ಟಿಗೆ ಬಿಚ್ಚುವ ಹೊತ್ತಿಗೆ ನಾನೂ ಹೋಗಿ ನಿಂತೆ. ಚಾಕೊಲೇಟಿನ ಆಸೆಗೆ ವಯಸ್ಸಿನ ಅಡ್ಡಿಯಿಲ್ಲ.

"ಕನ್ನಡಕ ಎಲ್ಲೇ?" ಎಂದ ಅಪ್ಪ.

"ಬಿಟ್ಟೆ. ಕಣ್ಣು ಸರಿಯಾಗೇ ಇದೆಯಂತೆ."

ಹೊಲಿಗೆ ಯಂತ್ರದ ಮುಂದಿದ್ದ ಅವಳ ಅತ್ತೆಗೆ, ಅಂದರೆ ದರ್ಜಿಯ ತಂಗಿಗೆ, ಸೂಜಿಯ ಪೊಟ್ಟಣ ಸಿಕ್ಕಿತು. ಆಮೇಲೆ ಉಣ್ಣೆಯ ಶಾಲಿನಲ್ಲಿ ಸುತ್ತಿದ ಒಂದು ಕತ್ತರಿ ಹೊರಬಂತು.

"ನನಗೇನಮ್ಮ?" ಎಂದೆ ನಾನು.

"ನಿಮಗೆ ನಷ್ಟ ತಂದಿದೀನಿ ಮಾಮ. ಇನ್ಮೇಲೆ ಬಟ್ಟೆ ಹಾಳಾಗಲ್ಲ."

ಅದು ಎಡಗೈಯವರ ಕತ್ತರಿ, ಅಲಗುಗಳು ಅದಲುಬದಲು. ನಮ್ಮ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಮೇಲಿನ ಅಲಗು ಗೆರೆಯನ್ನೇ ಮುಚ್ಚುತ್ತದಂತೆ. ಪಾಪ, ಅಷ್ಟು ವರ್ಷ ಅವಳು ಕತ್ತರಿಸಿದ್ದೆಲ್ಲ ಬರೀ ಅಂದಾಜಿನ ಮೇಲೆ.

"ಅಪ್ಪ, ಆ ಪಿಟೀಲು ನುಡಿಸೋರು ಹೊಲಿಯೋಕೆ ಕೊಟ್ಟಿರೋ ಕೋಟು ನಾನು ಕತ್ತರಿಸ್ಲಾ?"

"ಮೊದಲು ಚಿಂದಿ ಕತ್ತರಿಸು."

"ಅಲ್ಲಿಗೆ ಹೋದಾಗಿನಿಂದ ಅದೇ ಮಾಡಿದೀನಿ. ಇದು ತಪ್ಪಿದ್ರೆ ಮತ್ತೆ ಕೇಳಲ್ಲ. ಕಾಜಾ ಹಾಕ್ಕೊಂಡೇ ಇರ್ತೀನಿ."

ಕೋಟಿನ ಆ ಕಪ್ಪು ಬಟ್ಟೆ ನನ್ನ ಥಾನಿನ ಕೊನೆಯ ತುಂಡು, ಕೆಟ್ಟರೆ ಬದಲಿಲ್ಲ ಎಂದು ನಾನು ನೆನಪಿಸಿದೆ. ನೆನಪಿಸಬೇಕಿರಲಿಲ್ಲ, ಅತ್ತೆ ನನ್ನನ್ನು ನೋಡಿದ ನೋಟಕ್ಕೆ ಬಟ್ಟೆ ಸುಟ್ಟುಹೋಗಬೇಕಿತ್ತು.

"ಕೊಡಣ್ಣ," ಎಂದಳು ಆಕೆ. "ಮಗಳನ್ನ ಅಷ್ಟು ದೂರ ಕಳಿಸೋ ಧೈರ್ಯ ಇತ್ತು, ಇದಕ್ಕಿಲ್ವಾ?"

ದರ್ಜಿ ಬಟ್ಟೆಯನ್ನು ಮೇಜಿನ ಮೇಲಿಟ್ಟ. ನಿಂತು ನೋಡಲಾಗದೆ ನನ್ನ ಅಂಗಡಿಗೆ ಬಂದು, ಬೇಡದ ಥಾನೊಂದನ್ನು ಬಿಚ್ಚುತ್ತ ಸುತ್ತುತ್ತ ಕುಳಿತ. ಮೊದಲೆಲ್ಲ ಅವಳು ಕತ್ತರಿಸುವಾಗ ಕಚಕ್ ಎಂದು ಸದ್ದು, ಆಮೇಲೆ ಮೌನ, ಮತ್ತೆ ಕಚಕ್. ಈ ಸಲ ಎದುರಿನಿಂದ ಕತ್ತರಿಯ ಸದ್ದು ಉದ್ದಕ್ಕೆ ಹರಿದು ಬಂತು. ಥಾನಿನ ಮೇಲಿದ್ದ ಅವನ ಕೈ ನಿಂತುಹೋಯಿತು.

"ನಿಲ್ಲಿಸ್ತಾನೇ ಇಲ್ವಲ್ಲ," ಎಂದವನೇ ಎದ್ದು ಹೋದ. ನಾನು ಬಿಡುತ್ತೇನೆಯೇ, ಹಿಂದೆಯೇ ಹೋದೆ.

ಕತ್ತರಿಸಿದ ತುಂಡುಗಳನ್ನು ಒಂದರ ಮೇಲೊಂದಿಟ್ಟು ನೋಡಿದ. ಟೇಪು ಹಿಡಿದ. ತೋಳಿನ ತಿರುವನ್ನು ಬೆರಳಿನಿಂದ ಸವರಿ ನೋಡಿದ. ಬಯ್ಯಲು ಏನೂ ಸಿಗದೆ ಹೊಸ ಕತ್ತರಿಯನ್ನೇ ಬಲಗೈಗೆ ತೆಗೆದುಕೊಂಡು ಚಿಂದಿಯೊಂದರ ಗೆರೆಯ ಮೇಲೆ ನಡೆಸಿದ. ಅದು ಗೆರೆ ಬಿಟ್ಟು ಎತ್ತಲೋ ಹೋಯಿತು.

"ಅಣ್ಣ," ಎಂದಳು ಅತ್ತೆ, ಯಂತ್ರ ನಿಲ್ಲಿಸದೆ. "ಕಣ್ಣು ತೋರಿಸ್ಕೊಂಡು ಬಾ."

ಅವನು ನಗಲಿಲ್ಲ. ಕೈಯಲ್ಲಿದ್ದ ಓರೆ ಚಿಂದಿಯನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕುರ್ಚಿ ಹತ್ತಿ, ತನ್ನ ಬಲಗೈಯ ನೆರಳು ಗೆರೆಯ ಮೇಲೆ ಬೀಳದಿರಲೆಂದು ಮೇಜಿನ ಎಡಕ್ಕೆ ತೂಗುಹಾಕಿದ್ದ ದೀಪವನ್ನು ಬಿಚ್ಚಿ ಬಲಕ್ಕೆ ಕಟ್ಟಿದ. ಹುಡುಗಿ ಆ ಬೆಳಕಿಗೆ ಲೈನಿಂಗ್ ಬಟ್ಟೆ ಹರಡಿದಳು.

ಈಗ ದರ್ಜಿ ನನ್ನ ಅಂಗಡಿಗೆ ಬರುವುದು ಹರಟೆಗಷ್ಟೇ. ನನಗೆ ನಷ್ಟ ತಂದಿದೀನಿ ಎಂದಿದ್ದಳಲ್ಲ, ಆ ಹುಡುಗಿ ಹೇಳಿದ ಮಾತಿಗೆ ತಪ್ಪುವವಳಲ್ಲ.