ಟಗರಿಗೆ ಬಂದ ಬಿಳಿ ಚುಕ್ಕೆ

ನಮ್ಮ ಮನೆಯವರ ತಲೆಯೇ ತಲೆ. ತಮ್ಮ ಅವ್ವನ ಮೊಣಕಾಲು ಹೋಯಿತೆಂದು ಊರಲ್ಲಿದ್ದ ಕುರಿಗಳನ್ನೆಲ್ಲ ಮಾರಿದರು, ಆಕೆಯನ್ನು ಕೂಡ್ಲಿಗಿಯ ನಮ್ಮ ಬಾಡಿಗೆ ಮನೆಗೆ ಕರೆತಂದರು, ಕುರಿಯ ಬದಲಿಗೆ ಒಂದು ಗಾಜಿನ ತೊಟ್ಟಿ ತಂದು ಮೀನು ಬಿಟ್ಟರು. "ನೋಡ್ಕೊಂತ ಕುಂದ್ರು ಬೇ ಯವ್ವಾ, ಹೊತ್ತು ಹೋಗ್ತೈತಿ" ಎಂದರು. ಜೀವಮಾನವಿಡೀ ಹಿಂಡು ಕಾಯ್ದವಳಿಗೆ ಬೆರಳುದ್ದದ ಮೀನು! ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ನನಗೆ ತಿಳಿಯಲಿಲ್ಲ.

ನನ್ನ ದುರದೃಷ್ಟಕ್ಕೆ ಇವರ ಉಪಾಯ ಫಲಿಸಿಬಿಟ್ಟಿತು. ಕುರಿ ಹೋದ ಮೇಲೆ ಅತ್ತೆ ಮಾತೇ ಬಿಟ್ಟಿದ್ದರು. ಉಂಡಿರಾ ಎಂದರೆ ಹ್ಞೂಂ, ಮಲಗುತ್ತೀರಾ ಎಂದರೆ ಹ್ಞೂಂ, ಉಳಿದ ಹೊತ್ತೆಲ್ಲ ಗೋಡೆಯ ಕಡೆ ಮುಖ. ತೊಟ್ಟಿ ಬಂದ ಮೇಲೆ ಮೊದಲು ಮೀನುಗಳ ಜೊತೆ ಮಾತಾಡಿದರು, ಆಮೇಲೆ ನನ್ನನ್ನು ಬೈಯತೊಡಗಿದರು. ಮಾಲಿ ಎಂಬ ಜಾತಿಯ ಒಂದು ಕರಿ ಮೀನು ಉಳಿದವನ್ನೆಲ್ಲ ಗುದ್ದಿ ಓಡಿಸುತ್ತಿತ್ತು. ಅದಕ್ಕೆ ಟಗರು ಎಂದೇ ಕರೆದರು. ಸಾರಿಗೆ ಉಪ್ಪು ಹೆಚ್ಚಾಯಿತು, ಸೀರೆಯ ನೆರಿಗೆ ಸರಿಯಿಲ್ಲ, ಟಗರಿಗೆ ಕೂಳು ಹಾಕಲಿಲ್ಲ ಎಂದು ದಿನವಿಡೀ ಬೈಗುಳ. ಅತ್ತೆ ಬೈದರೆಂದು ದೇವರಿಗೆ ಕೈಮುಗಿದ ಸೊಸೆ ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಆ ಸುಖವನ್ನು ಕೆಡಿಸಿದವರೂ ಇವರೇ. ಚಳಿಗಾಲದಲ್ಲಿ ಹಗರಿಬೊಮ್ಮನಹಳ್ಳಿಗೆ ಹೋದವರು ಪ್ಲಾಸ್ಟಿಕ್ ಚೀಲದಲ್ಲಿ ಇನ್ನಷ್ಟು ಮೀನು ತಂದರು. ಹೊಸ ಮೀನನ್ನು ಕೆಲವು ವಾರ ಬೇರೆ ಪಾತ್ರೆಯಲ್ಲಿಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಬಿಡಬೇಕು ಎಂದೆ. "ಏಯ್, ಅವೇನು ನಿನ್ನ ಶಾಲಿ ಹುಡುಗ್ರೇನು, ಹೊರಗ ನಿಂದ್ರಸಾಕ?" ಎಂದು ಚೀಲ ಬಿಚ್ಚಿ ಸುರಿದೇಬಿಟ್ಟರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಮನೆಯಲ್ಲಿ ನನ್ನ ಮಾತಿಗೆ ಅಷ್ಟು ಬೆಲೆ.

ವಾರ ಕಳೆಯುವುದರೊಳಗೆ ಟಗರಿನ ಬಾಲದ ಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದವು. ಮರುದಿನ ಬೆನ್ನಿಗೂ ಬಂದವು. ರೆಕ್ಕೆ ಮುದುರಿಕೊಂಡು, ಕೂಳು ಬಿಟ್ಟು, ತಳದ ಕಲ್ಲಿಗೆ ಮೈ ತಿಕ್ಕುತ್ತಿತ್ತು. ಅತ್ತೆ ಗಾಜಿಗೆ ಮೂಗು ಹಚ್ಚಿ ನೋಡಿ, ಎರಡೂ ಕೈ ಜೋಡಿಸಿದರು.

"ಅಮ್ಮ ಬಂದಾಳ."

"ಮೀನಿಗೇನ್ರಿ?"

"ಮೀನಿಗೆ ಜೀವ ಇಲ್ಲೇನು? ಸುಮ್ನಿರು."

ಅಲ್ಲಿಗೆ ನಮ್ಮ ಮನೆಯ ಒಗ್ಗರಣೆ ಬಂದ್. ಮೈಮೇಲೆ ಅಮ್ಮ ಎದ್ದ ಮನೆಯಲ್ಲಿ ಎಣ್ಣೆ ಕಾಯಬಾರದು, ಮಾಂಸ ಬೇಯಬಾರದು, ಎಲ್ಲವೂ ತಂಪಾಗಿರಬೇಕು. ಬಾಗಿಲಿಗೆ ಬೇವಿನ ತೊಂಗಲು, ತೊಟ್ಟಿಯೊಳಗೆ ಬೇವಿನ ಸೊಪ್ಪು, ನಮ್ಮ ತಟ್ಟೆಯಲ್ಲಿ ಮೂರು ಹೊತ್ತೂ ಮೊಸರನ್ನ. ಪಕ್ಕದ ಮನೆಯಾಕೆ ಬೇವು ಕಂಡು ದೂರದಿಂದಲೇ, "ಯಾರಿಗ್ರೀ ಬಂದಿದ್ದು?" ಎಂದಳು. ಮೀನಿಗೆ ಎಂದು ಹೇಳಲು ನನಗೂ ಸ್ವಲ್ಪ ಮರ್ಯಾದೆ ಇದೆಯಲ್ಲ. "ನಮ್ಮ ಮನಿಯವರಿಗೆ ರೀ" ಎಂದುಬಿಟ್ಟೆ.

ಅದು ಅಮ್ಮನಲ್ಲ, ಕಣ್ಣಿಗೆ ಕಾಣದ ಒಂದು ಹುಳ. ಮೀನಿನ ಚರ್ಮದೊಳಗೆ ಕೂತಾಗ ಯಾವ ಔಷಧಿಯೂ ಅದಕ್ಕೆ ತಾಗದು. ಬಲಿತು ಉದುರಿ, ತಳದ ಕಲ್ಲಿನಲ್ಲಿ ಮರಿ ಹಾಕಿ, ಆ ಮರಿಗಳು ಮೀನು ಹುಡುಕಿ ಹೊರಟಾಗ ಮಾತ್ರ ಉಪ್ಪು, ಔಷಧಿಗೆ ಸಾಯುತ್ತವೆ. ನೀರು ಬೆಚ್ಚಗಿದ್ದರೆ ಬೇಗ ಉದುರುತ್ತವೆ. ಹೊಸಪೇಟೆಯಿಂದ ಔಷಧಿಯನ್ನೂ ನೀರು ಕಾಯಿಸುವ ಹೀಟರನ್ನೂ ತರಿಸಿದೆ. ಅತ್ತೆ ಔಷಧಿ ಹಾಕಗೊಡಲಿಲ್ಲ, ಹೀಟರಿನ ಪ್ಲಗ್ ಕಿತ್ತೆಸೆದರು.

"ಅಮ್ಮ ಬಂದ ಮೈಗೆ ಕಾವು ಕೊಡ್ತಾರೇನು? ಆಕಿ ಸಿಟ್ಟಿಗೇಳ್ತಾಳ!" ಎಂದು, ಆ ಚಳಿಯಲ್ಲಿ ಮಣ್ಣಿನ ಕೊಡದ ನೀರು ತಂದು ತೊಟ್ಟಿಗೆ ಹೊಯ್ದರು. "ತಣ್ಣಗಿರು ತಾಯೀ." ಇವರು ಮೊಸರನ್ನ ಕಲಸುತ್ತಾ, "ಅವ್ವ ಹೇಳಿದಂಗ ಕೇಳು" ಎಂದರು. ರೋಗ ತಂದ ಮಹಾನುಭಾವರು.

ಕೆಲವು ದಿನಕ್ಕೆ ಚುಕ್ಕೆಗಳು ತಾವಾಗಿ ಉದುರಿದವು. ಅತ್ತೆಯ ಮುಖ ನೋಡಬೇಕಿತ್ತು! ಅಮ್ಮ ಇಳಿದಳು, ಇನ್ನು ತಲೆಗೆ ನೀರು ಹಾಕಿ ಕಳಿಸಬೇಕು. ಸದಾ ನೀರಲ್ಲೇ ಇರುವವಕ್ಕೆ ನೀರು ಹಾಕುವ ಶಾಸ್ತ್ರ! ಅರಿಶಿನ ಬೇವಿನ ನೀರನ್ನು ಚೊಂಬಿನಲ್ಲಿ ಮೂರು ಸಲ ತೊಟ್ಟಿಗೆ ಸುರಿದರು, ಅಮ್ಮನಿಗೆ ಹೋಳಿಗೆಯ ಎಡೆ ಇಟ್ಟರು. ಚುಕ್ಕೆ ಉದುರಿದ್ದು ವಾಸಿಯಾದದ್ದಲ್ಲ, ಹುಳ ಈಗ ಕೆಳಗೆ ಮರಿ ಹಾಕುತ್ತಿದೆ ಎಂದು ಬಡಕೊಂಡೆ. "ಹೋಳಿಗಿ ತಿನ್ನು, ಆರಿ ಹೋಗ್ತೈತಿ" ಎಂದರು ಅತ್ತೆ.

ಹೋಳಿಗೆ ಖಾಲಿಯಾಗುವ ಮೊದಲೇ ಚುಕ್ಕೆ ತಿರುಗಿ ಬಂದವು, ಮೊದಲಿಗಿಂತ ದಟ್ಟವಾಗಿ. ಹೊಸ ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿ ತೇಲಿದವು. ಟಗರು ಮೇಲೆ ಬಂದು ಬಾಯಿ ತೆರೆತೆರೆದು ಗಾಳಿಗೆ ಒದ್ದಾಡುತ್ತಿತ್ತು. ಅತ್ತೆ ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಉಂಡಿರಾ ಎಂದೆ. ಹ್ಞೂಂ ಎಂದರು. ತಟ್ಟೆ ಹಾಗೇ ಇತ್ತು.

ಕುರಿ ಹೋದಾಗಿನ ಅದೇ ಹ್ಞೂಂ. ಟಗರು ಸತ್ತರೆ ಈಕೆ ಮತ್ತೆ ಬಾಯಿ ಬಿಡುವುದಿಲ್ಲ ಎಂದು ಗೊತ್ತಾಯಿತು. ಹೆದರಿಕೆ ಸಿಟ್ಟಾಗಿ ಹೊರಗೆ ಬಂತು.

"ಅತ್ತಿ, ಇತ್ಲಾಗ ನೋಡ್ರಿ! ಟಗರು ಕಲ್ಲಿಗೆ ಮೈ ತಿಕ್ಕಿದ್ದು ನೋಡಿದ್ರಿಲ್ಲ? ಕುರಿ ಬೇಲಿಗೆ ಮೈ ತಿಕ್ಕಿದ್ರ ಏನಂತಿದ್ರಿ? ಅಮ್ಮ ಅಂತಿದ್ರೇನು?"

ಅತ್ತೆ ಗೋಡೆಗೇ ಹೇಳಿದರು. "ಕಜ್ಜಿ."

"ಕಜ್ಜಿಗೆ ತಂಪು ಮಾಡ್ತಿದ್ರೇನು?"

"ಔಷಧಿ ನೀರಾಗ ಮುಳುಗಸ್ತಿದ್ವಿ. ಒಮ್ಮೆ ಮುಳುಗಿಸಿದ್ರ ಸಾಲೂದಿಲ್ಲ. ತತ್ತಿ ಒಡದು ಮತ್ತ ಬರ್ತಾವ."

"ಇದೂ ಹಂಗ ರೀ. ಹುಳ ಅದಾವ. ನಾ ನಿಮ್ಮ ಅಮ್ಮಗ ಏನೂ ಅನ್ನಾಕತ್ತಿಲ್ಲ."

ಅತ್ತೆ ಎದ್ದರು. ಕುಂಟುತ್ತಾ ಹೋಗಿ, ಕೊಳೆತಿದ್ದ ಬೇವಿನ ಸೊಪ್ಪನ್ನು ತಾವೇ ತೆಗೆದರು. "ಮಾಡು" ಎಂದರು.

ಮಾಡಿದೆ. ನೀರನ್ನು ಒಮ್ಮೆಲೇ ಅಲ್ಲ, ನಿಧಾನಕ್ಕೆ ಬೆಚ್ಚಗೆ ಮಾಡಿದೆ. ಬೆಚ್ಚನೆ ನೀರಲ್ಲಿ ಉಸಿರಿಗೆ ಕಷ್ಟವೆಂದು ಗಾಳಿ ಗುಳ್ಳೆ ಬಿಡುವ ಪಂಪನ್ನು ಜೋರು ಮಾಡಿದೆ. ಔಷಧಿಯನ್ನು ಹೀರಿಬಿಡುತ್ತದೆಂದು ಫಿಲ್ಟರಿನ ಇದ್ದಿಲು ತೆಗೆದೆ. ದಿನವೂ ಕಲ್ಲಿನ ತಳದ ಕೊಳೆ ನೀರನ್ನು ಪೈಪಿನಿಂದ ಎಳೆದು, ಅಷ್ಟೇ ಬೆಚ್ಚಗಿನ ಹೊಸ ನೀರು ಹಾಕಿ, ಔಷಧಿ ಹನಿಸಿದೆ. ಚುಕ್ಕೆ ಹೋದ ಮೇಲೂ ನಿಲ್ಲಿಸಲಿಲ್ಲ. ಈ ಸಲ ಹೋಳಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಅತ್ತೆ ತೊಟ್ಟಿಯ ಮುಂದೆ ಕೂತಿರುತ್ತಿದ್ದರು, ಆದರೆ ತುಟಿ ಬಿಚ್ಚುತ್ತಿರಲಿಲ್ಲ. ಮನೆಯಲ್ಲಿ ಪಂಪಿನ ಸದ್ದೊಂದೇ.

ಒಂದು ಬೆಳಗ್ಗೆ ಶಾಲೆಗೆ ಹೋಗಲು ಕೊಟ್ಟೂರು ಬಸ್ಸಿಗೆಂದು ಚಪ್ಪಲಿ ಮೆಟ್ಟುತ್ತಿದ್ದೆ. ಒಳಗೆ ಟಗರು ಇನ್ನೊಂದು ಮೀನನ್ನು ಗುದ್ದಿ ಓಡಿಸಿ ಕೂಳು ಕಸಿದುಕೊಂಡಿತ್ತಂತೆ. ನನಗೆ ಕೇಳಿಸಿದ್ದು ಅತ್ತೆಯ ಗಂಟಲು.

"ಅಲ್ಲಬೇ, ಟೀಚರಂತ ಟೀಚರು! ಕಜ್ಜಿ ಅಂತ ಮೊದ್ಲ ದಿನಾನ ಹೇಳಾಕ ನಿನಗೇನಾಗಿತ್ತು ಧಾಡಿ? ಅಷ್ಟು ಮೀನು ಕೊಂದ್ರಿ ಗಂಡ ಹೆಂಡ್ತಿ ಕೂಡಿ! ಅದೇನು ಸೀರಿ ಉಟ್ಟೀಯೋ, ನೆರಿಗಿ ನೋಡು..."

ಬೀದಿಯ ಕೊನೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಹೋದರೆ ಹೋಗಲಿ ಎಂದು ಬಾಗಿಲಲ್ಲೇ ನಿಂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, ಪೂರ್ತಿ ಬೈಸಿಕೊಂಡೆ.