ಐಸಕ್ಕ ನೋಡದ ಮಗು

"ನೀವು ತರೋ ತುಂಡಿನಿಂದ ಮೊದಲನೇ ಮಗು ಬದುಕಿದ ದಿನ ನಿಮಗೇ ಮೊದಲು ತೋರಿಸ್ತೀನಿ" ಎಂದು ಲ್ಯಾಬಿನ ದೊಡ್ಡ ಡಾಕ್ಟರು ಮಾತು ಕೊಟ್ಟಾಗ ಐಸಕ್ಕನ ತಲೆಗೂದಲು ಇನ್ನೂ ಕಪ್ಪಗಿತ್ತು.

ಈಗ ನರೆತ ತಲೆಗೆ ಟೋಪಿ ಏರಿಸಿ, ಬೆಳ್ಳಂಬೆಳಿಗ್ಗೆ ಮಕ್ಕಳ ಹೃದಯದ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನೀಲಿ ಡಬ್ಬಿ ಹಿಡಿದು ನಿಂತಿದ್ದಾರೆ. ಒಳಗೆ ಎಳೆಗೂಸೊಂದರ ಎದೆ ತೆರೆಯುತ್ತಿದ್ದಾರೆ. ಹೃದಯಕ್ಕೆ ಅಡ್ಡವಾಗಿರುವ ಥೈಮಸ್ ಎಂಬ ಮೆತ್ತನೆಯ ಗ್ರಂಥಿಯಲ್ಲಿ ಒಂದಿಷ್ಟು ಕತ್ತರಿಸಿ ತೆಗೆದರಷ್ಟೇ ದಾರಿ. ಆ ತುಂಡು ಕಸದ ಬಕೆಟ್ಟು ಸೇರುವ ಮೊದಲು ಐಸಕ್ಕ ಕೈಯೊಡ್ಡಬೇಕು, ಎದುರು ಕಟ್ಟಡದ ಲ್ಯಾಬಿಗೆ ಓಡಬೇಕು.

"ಮೀನಂಗಡಿ ಮುಂದೆ ಬೆಕ್ಕು ಬಂದು ಕೂತಾಯ್ತಾ?" ಸಿಸ್ಟರ್ ಛೇಡಿಸುತ್ತಾರೆ.

"ನೀನು ಎಸೆಯೋ ಪೈಕಿ ಕಣಮ್ಮ, ಕಾಯದೆ ಏನ್ಮಾಡ್ಲಿ?"

ಐಸಕ್ಕ ಎಂಬ ಹೆಸರು ಬಂದದ್ದು ಒಂದು ತಪ್ಪಿನಿಂದ. "ಮೊದಲ ವಾರ ತುಂಡನ್ನ ನೇರ ಐಸ್ ಮೇಲೇ ಇಟ್ಬಿಟ್ಟೆ. ಸತ್ತೇ ಹೋಯ್ತು. ನಡುವೆ ಬಟ್ಟೆ ಹಾಸ್ಬೇಕಂತೆ. ಬೈದ್ರು, ಆಮೇಲೆ ಹೆಸರೂ ಇಟ್ರು."

ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಎಳೆಯ ಕೋಶಗಳು ಪಳಗಲು ಥೈಮಸ್ಸಿಗೆ ಬರುತ್ತವೆ. ತನ್ನ ಮೈಯ ಗುರುತು ಹಿಡಿಯಲಾರದವು ಅಲ್ಲೇ ಸಾಯುತ್ತವೆ. ತನ್ನ ಮೈಯನ್ನೇ ಕಚ್ಚಲು ಹೊರಟವಕ್ಕೂ ಬಹುಪಾಲು ಅದೇ ಗತಿ. ಉಳಿದ ಬೆರಳೆಣಿಕೆಯವು ಟಿ ಕೋಶಗಳಾಗಿ ಹೊರಬಿದ್ದು ಸೋಂಕಿನ ವಿರುದ್ಧ ಕಾವಲು ನಿಲ್ಲುತ್ತವೆ. ಐಸಕ್ಕನ ಮಗ ಥೈಮಸ್ಸೇ ಇಲ್ಲದೆ ಹುಟ್ಟಿದವನು.

"ಶೀತ ಆಯ್ತು, ಅಷ್ಟೇ. ನಾನು ತಣ್ಣೀರು ಕುಡಿದದ್ದಕ್ಕೆ ಅಂದ್ರು ಅತ್ತೆ. ಮಣ್ಣು ಮಾಡಿ ಬಂದ್ಮೇಲೂ ಅದೇ ಮಾತು." ಆಮೇಲೆ ಈ ಕೆಲಸ ಹಿಡಿದರು.

ಲ್ಯಾಬಿನಲ್ಲಿ ತುಂಡನ್ನು ತೆಳ್ಳಗೆ ಹೆಚ್ಚಿ, ಕೆಲವು ವಾರ ಜೋಪಾನ ಮಾಡಿ, ಥೈಮಸ್ಸಿಲ್ಲದೆ ಹುಟ್ಟಿದ ಮಗುವಿನ ತೊಡೆಯೊಳಗೆ ನೆಡುತ್ತಾರೆ. ಅದು ಮೈಗೆ ಹಿಡಿದರೂ, ಮಗುವಿನದೇ ಕೋಶಗಳು ಅಲ್ಲಿಗೆ ಬಂದು ಪಳಗಲು ತಿಂಗಳುಗಟ್ಟಲೆ ಬೇಕು. "ಎದೇದನ್ನ ತೊಡೇಲಿಟ್ರೆ ಅವಕ್ಕೆ ದಾರಿ ಗೊತ್ತಾಗುತ್ತಾ ಅಂದೆ. ಡಾಕ್ಟರು ನಕ್ರು."

ದಾರಿ ಗೊತ್ತಾಯಿತು. ಮೊದಮೊದಲ ಮಕ್ಕಳು ಉಳಿಯಲಿಲ್ಲ. ಕಳೆದ ವರ್ಷ ನೆಟ್ಟ ಹೆಣ್ಣುಮಗು ಉಳಿದಿದೆ. ಅದರ ರಕ್ತದಲ್ಲಿ ಟಿ ಕೋಶ ಕಂಡ ದಿನ ಲ್ಯಾಬಿನಲ್ಲಿ ಕೇಕು ಕತ್ತರಿಸಿದರು, ಫೋಟೊ ತೆಗೆಸಿಕೊಂಡರು. ಐಸಕ್ಕ ಆಗ ಥಿಯೇಟರಿನ ಬಾಗಿಲಲ್ಲಿದ್ದರು. ಮಗು ಮನೆಗೆ ಹೋದದ್ದು ತಿಳಿದಿದ್ದು ಸೋಂಕು ತಗಲದಂತೆ ಅದನ್ನಿಟ್ಟಿದ್ದ, ಈಗ ಖಾಲಿಯಾದ ಗಾಜಿನ ಕೋಣೆ ಒರೆಸುತ್ತಿದ್ದ ಆಯಾಳಿಂದ.

ಯಾಕೆ ತೋರಿಸಲಿಲ್ಲ ಎಂದು ಐಸಕ್ಕ ಡಾಕ್ಟರನ್ನು ಕೇಳಿದರೆ, "ಅಯ್ಯೋ, ಗಡಿಬಿಡೀಲಿ ಮರ್ತೇ ಹೋಯ್ತು. ಮುಂದಿನ ಮಗು ತೋರಿಸೋಣ ಬಿಡಿ" ಎನ್ನುತ್ತಾರೆ.

ಐಸಕ್ಕ ಡಬ್ಬಿಯೊಳಗೆ ಬಟ್ಟೆ ಹಾಸುತ್ತಿದ್ದಾರೆ. "ಆ ಮಗು ಮಣ್ಣಲ್ಲಿ ಆಡುತ್ತಾ ಅಂತ ಕೇಳ್ಬೇಕಿತ್ತು. ನನ್ನ ಮಗ ನೆಲಾನೇ ಮುಟ್ಲಿಲ್ಲ."

ಬಾಗಿಲು ತೆರೆಯುತ್ತದೆ. ತುಂಡು ಡಬ್ಬಿಗೆ ಬೀಳುತ್ತದೆ. ಅವರು ಓಡುತ್ತಾರೆ.

ಬದುಕಿದ ಮೊದಲನೇ ಮಗುವನ್ನು ಐಸಕ್ಕನಿಗೆ ತೋರಿಸಲಿಲ್ಲ.